ಅಂಬೇವಾಡಿಗೆ ಹಳಿ ಇದೆ, ಗಾಡಿ ಎಲ್ಲಿ?

ಮಾನ್ಯ ಸಂಪಾದಕರೆ,

ಅಳ್ನಾವರದಿಂದ ದಾಂಡೇಲಿ ಪಕ್ಕದ ಅಂಬೇವಾಡಿಗೆ ಹೋಗುತ್ತಿದ್ದ ಪ್ರಯಾಣಿಕರ ರೈಲು ನಿಂತೇ ಹೋಗಿದೆ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿ ಎರಡು ದಿನ ಕಳೆದಿರಲಿಲ್ಲ, ಆ ರೈಲು ಇಲ್ಲದ ಫಜೀತಿಯನ್ನು ಮೊನ್ನೆ ಭಾನುವಾರ ನಾವೇ ಅನುಭವಿಸಿದೆವು. ದಾಂಡೇಲಿಯಲ್ಲಿ ಅಕ್ಕನ ಮಗಳ ಕುಬಸ (ಸೀಮಂತ) ಇತ್ತು. ಮೊಣಕಾಲು ನೋವಿನ, 76 ವರ್ಷದ ನಮ್ಮ ಅವ್ವನನ್ನು ಕರೆದುಕೊಂಡು ಧಾರವಾಡದಿಂದ ಅಳ್ನಾವರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮುಂದಿನ ಬಸ್ಸಿಗಾಗಿ ರಸ್ತೆಬದಿಯಲ್ಲಿ ಒಂದೂವರೆ ತಾಸು ಬಿಸಿಲಿನಲ್ಲಿ ಕಾದೆವು. ಮೊದಲು ಬಂದ ಬಸ್ಸಿನ ಬಾಗಿಲಲ್ಲೂ ಜನ ಜೋತುಬಿದ್ದಿದ್ದರು. ಎರಡನೆಯದಕ್ಕೆ ಹೇಗೋ ಹತ್ತಿದರೂ ಅವ್ವ ಅರ್ಧ ದಾರಿ ನಿಂತೇ ಬಂದಳು. ಉಡಿ ತುಂಬುವ ಸಾಮಾನಿನ ಚೀಲ ಯಾರದೋ ಕಾಲಡಿ ಸಿಕ್ಕಿ, ಕುಂಕುಮದ ಪೊಟ್ಟಣ ಒಡೆದು, ಅವ್ವ ತಾನೇ ಅಂಗಡಿಗೆ ಹೋಗಿ ಆರಿಸಿ ತಂದಿದ್ದ ಹಸಿರು ಖಣವೆಲ್ಲ ಕೆಂಪಾಯಿತು. ನಾವು ಮನೆ ಮುಟ್ಟುವಷ್ಟರಲ್ಲಿ ಆರತಿ ಮುಗಿದು ಊಟದ ಎಲೆ ಎತ್ತುತ್ತಿದ್ದರು. ಮೊಮ್ಮಗಳಿಗೆ ತಾನೇ ಆರತಿ ಎತ್ತಬೇಕೆಂದು ತಿಂಗಳಿಂದ ದಿನ ಎಣಿಸಿದ್ದ ಹಿರಿಜೀವಕ್ಕೆ ಇದನ್ನು ಯಾರು ತಿರುಗಿ ತಂದುಕೊಡುತ್ತಾರೆ?

ಕಾಡಿನ ಮರ ಸಾಗಿಸಲೆಂದು ಬ್ರಿಟಿಷರು ಹಾಕಿದ ಈ ಮಾರ್ಗದಲ್ಲಿ ತೊಂಬತ್ತರ ದಶಕದಲ್ಲಿ ಜನರ ಗಾಡಿ ನಿಂತುಹೋಗಿತ್ತು. ಸುರೇಶ ಅಂಗಡಿಯವರು ರೈಲ್ವೆ ಖಾತೆಯ ರಾಜ್ಯ ಸಚಿವರಾಗಿದ್ದಾಗ, 2019ರ ನವೆಂಬರ್ 3ರಂದು ಅದು ಮತ್ತೆ ಆರಂಭವಾಯಿತು. ಐದು ತಿಂಗಳು ತುಂಬುವ ಮೊದಲೇ, 2020ರ ಮಾರ್ಚ್‌ನಲ್ಲಿ, ಕೊರೊನಾದಿಂದ ದೇಶದ ಎಲ್ಲ ಪ್ರಯಾಣಿಕರ ರೈಲುಗಳೊಂದಿಗೆ ಇದೂ ನಿಂತಿತು. ಉಳಿದವುಗಳಲ್ಲಿ ಹೆಚ್ಚಿನವು ಒಂದೊಂದಾಗಿ ಹಳಿಗೆ ಮರಳಿದವು, ಇದನ್ನು ಕೈಬಿಟ್ಟರು. ಕೇಳಿದರೆ ಜನ ಹತ್ತುವುದಿಲ್ಲ ಎಂಬ ಮಾತು. ಐದು ತಿಂಗಳೂ ಓಡದ ಗಾಡಿಗೆ ಜನರಿಲ್ಲ ಎಂದು ತೀರ್ಮಾನಿಸುವುದು ಯಾವ ನ್ಯಾಯ? ಸಂತೆಗೆ, ಕಾಲೇಜಿಗೆ, ದವಾಖಾನೆಗೆ ಹೋಗಿಬರುವವರಿಗೆ ಹೊಂದುವ ವೇಳೆಯಲ್ಲಿ ಒಂದು ವರ್ಷವಾದರೂ ಓಡಿಸಿ ನೋಡಬೇಕಾಗಿತ್ತು.

ವರದಿಯ ಜೊತೆ ನೀವು ಚಿತ್ರ ಹಾಕಿದ್ದ ಅಂಬೇವಾಡಿ ನಿಲ್ದಾಣವನ್ನು ಬರುವಾಗ ನೋಡಿಕೊಂಡೇ ಬಂದೆ. ಟಿಕೆಟ್ ಕಿಟಕಿಯ ಸರಳುಗಳಿಗೆ ಜೇಡ ಬಲೆ ಕಟ್ಟಿದೆ. ಪ್ಲಾಟ್‌ಫಾರ್ಮಿನ ಅಂಚಿಗೆ ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದಿದೆ. ಯಾರೋ ರೈತರು ಅಲ್ಲಿ ಗೋವಿನಜೋಳ ಒಣಹಾಕಿದ್ದರು, ಅವರನ್ನು ದೂರಲಾರೆ. "ಗಾಡಿ ಬರೂದಿದ್ರ ನಾವ್ಯಾಕ ಇಲ್ಲಿ ಹರವತಿದ್ವಿರೀ" ಎಂದ ಆ ಹಿರಿಯರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಧಿಕಾರಿಗಳ ಈ ಉದಾಸೀನ ನಮಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಇದೇ ವಿಷಯಕ್ಕೆ ಕಚೇರಿಯೊಂದಕ್ಕೆ ಅರ್ಜಿ ಕೊಟ್ಟಿದ್ದೆ. ಸ್ವೀಕೃತಿಯ ಮುದ್ರೆ ಒತ್ತಿದ ಪ್ರತಿ ನನ್ನ ಕಪಾಟಿನಲ್ಲಿದೆ, ಉತ್ತರ ಇವತ್ತಿಗೂ ಬಂದಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 2000ದಲ್ಲಿ ಪ್ರಧಾನಿ ವಾಜಪೇಯಿಯವರು ಅಡಿಗಲ್ಲು ಹಾಕಿದ್ದನ್ನು ಕಂಡ ನನ್ನ ಓರಗೆಯವರ ತಲೆ ನರೆತಿದೆ, ಹುಬ್ಬಳ್ಳಿಯಿಂದ ಆ ಮಾರ್ಗದಲ್ಲಿ ಅಂಕೋಲಾಕ್ಕೆ ರೈಲು ಮುಟ್ಟಿಲ್ಲ. ಅಲ್ಲಾದರೂ ಕಾಡು ಕಡಿಯುವ ತಕರಾರಿದೆ. ಅಂಬೇವಾಡಿಗೆ ಹೊಸ ಹಳಿ ಹಾಕಬೇಕಾಗಿಲ್ಲ, ಒಂದು ಮರವನ್ನೂ ಉರುಳಿಸಬೇಕಾಗಿಲ್ಲ. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿಗೇ ದೊಡ್ಡದೆಂಬ ಅಭಿಮಾನ ನನಗೂ ಇದೆ, ಆದರೆ ಅದರಿಂದ ಅಳ್ನಾವರದ ರಸ್ತೆಯಲ್ಲಿ ನಿಂತವರಿಗೆ ಕೂಡ್ರಲು ಜಾಗ ಸಿಗಲಿಲ್ಲ.

ಈ ಗಾಡಿಯನ್ನು ಕೂಡಲೇ ಓಡಿಸಬೇಕು. ಅಲ್ಲಿಯವರೆಗೆ ಬಸ್ಸುಗಳನ್ನಾದರೂ ಹೆಚ್ಚಿಸಬೇಕು. ಎರಡೂ ಆಗದಿದ್ದರೆ ಜನಪ್ರತಿನಿಧಿಗಳು ಬೇರೇನಾದರೂ ದಾರಿ ಹುಡುಕಬೇಕು. ಚುನಾವಣೆಗೆ ಮನೆ ಮನೆ ಹುಡುಕಿಕೊಂಡು ಬರುವವರ ಕಣ್ಣಿಗೆ ಈ ಹಳಿ ಬೀಳುವುದಿಲ್ಲವೇ? ಜನರಿಲ್ಲ ಎನ್ನುವ ಅಧಿಕಾರಿಗಳು ತಮ್ಮ ತಾಯಂದಿರನ್ನು ಒಂದು ಸಲ ಆ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಬಂದು ಮಾತಾಡಲಿ.

– ನೊಂದ ಪ್ರಯಾಣಿಕ, ಧಾರವಾಡ