ಅಪ್ಪನ ಸ್ಟೆಂಟು, ನನ್ನ ರೆಕಾರ್ಡ್ ಪ್ಲೇಯರು

ಅಮ್ಮಾ,

ನಾನು ಚೆನ್ನಾಗಿದೀನಿ, ಊಟ ತಿಂಡಿ ಎಲ್ಲಾ ಸರಿಯಾಗಿ ನಡೀತಿದೆ, ಚಳಿ ಇನ್ನೂ ಅಷ್ಟಿಲ್ಲ. ನಿನ್ನ ಮೇಲ್ ಬಂತು, ಟೈಪ್ ಮಾಡಿದ್ದು ವೀಣಾ ಆದ್ರೂ ಬೈಗುಳ ನಿನ್ದೇ ಅಂತ ಮೊದಲ್ನೇ ಸಾಲಲ್ಲೇ ಗೊತ್ತಾಯ್ತು. ರಾಘು ನನ್ನ ರೂಮಿನ ಫೋಟೊ ತೋರ್ಸಿದ್ದಕ್ಕೆ ದೊಡ್ಡಮ್ಮ, ಅಪ್ಪಂಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕ್ಸೋ ಹೊತ್ತಲ್ಲಿ ಇವ್ಳು ಲಕ್ಷ ಕೊಟ್ಟು ರೆಕಾರ್ಡ್ ಪ್ಲೇಯರ್ ತಗೊಂಡಿದಾಳೆ ಅಂದ್ರಂತೆ. ಲಕ್ಷ ಅಲ್ಲಮ್ಮ, ದೇವರಾಣೆ. ಪಕ್ಕದ ಬೀದಿ ತಾತ ಮಗಳ ಮನೆಗೆ ಹೋಗ್ಬೇಕಾದ್ರೆ ಮಾರಿದ್ದು, ಹೊಸದರ ಅರ್ಧ ಬೆಲೇನೂ ಇಲ್ಲ.

ಈ ಭಾಗ ಅಪ್ಪಂಗೆ ಜೋರಾಗಿ ಓದಿ ಹೇಳು. ಅಪ್ಪಾ, ಈ ಪ್ಲೇಯರು ರೇಗಾ ಅನ್ನೋ ಕಂಪನಿಯ ಪ್ಲಾನರ್ 3. ಫ್ಯಾಕ್ಟರಿ ಇರೋದು ಇಂಗ್ಲೆಂಡಿನ ನಮ್ಮ ಈ ಸೌತೆಂಡಲ್ಲೇ. ಸಮುದ್ರದೊಳಕ್ಕೆ ಎರಡು ಕಿಲೋಮೀಟರಿಗೂ ಜಾಸ್ತಿ ಸೇತುವೆ ಕಟ್ಟಿ ಅದರ ಮೇಲೆ ಪುಟ್ಟ ರೈಲು ಬಿಟ್ಟಿರೋ ಊರು ಅಂದಿದ್ನಲ್ಲ, ಅದೇ. 1973ರಲ್ಲಿ ಟೋನಿ ರೆಲ್ಫ್, ರಾಯ್ ಗ್ಯಾಂಡಿ ಅಂತ ಇಬ್ರು ಶುರು ಮಾಡಿದ್ದು. ಗ್ಯಾಂಡಿ ಮೊದ್ಲು ಫೋರ್ಡ್ ಕಾರ್ ಕಂಪನೀಲಿ ಇದ್ದೋರು. ಆಗೆಲ್ಲ ಒಳ್ಳೇ ಟರ್ನ್‌ಟೇಬಲ್, ಅಂದ್ರೆ ರೆಕಾರ್ಡ್ ಪ್ಲೇಯರು, ಭಾರ ಇರ್ಬೇಕು ಅಂತ ನಂಬಿಕೆ. ಇವರು ಉಲ್ಟಾ ಹೋದ್ರು, ಕೆಳಗಿನ ಹಲಗೆ ಹಗುರ ಇರ್ಬೇಕು ಆದ್ರೆ ಬಾಗ್ಬಾರ್ದು, ಭಾರ ಜಾಸ್ತಿ ಆದಷ್ಟೂ ನಡುಕವನ್ನ ಒಳಗೇ ಇಟ್ಕೊಂಡು ನಿಧಾನಕ್ಕೆ ಬಿಡುತ್ತೆ, ಅದು ಹಾಡಿನ ಜೊತೆ ಸೇರ್ಕೊಳ್ಳುತ್ತೆ ಅಂತ. ನಂದನ್ನ ಒಂದೇ ಕೈಲಿ ಎತ್ಬೋದು. ಮೇಲೆ ತಿರುಗೋ ತಟ್ಟೆ ದಪ್ಪ ಗಾಜಿಂದು, ಅದರ ಮೇಲೊಂದು ಉಣ್ಣೆ ಬಟ್ಟೆ.

ನೀವು ನೋಡ್ಲೇಬೇಕಾದ್ದು ಮುಳ್ಳನ್ನ ಹಿಡ್ಕೊಳ್ಳೋ ಅದರ ಆರ್ಮ್ ಅಪ್ಪಾ. 1983ರಲ್ಲಿ ಆರ್‌ಬಿ300 ಅಂತ ತಂದ್ರು, ಅದಕ್ಕೆ ಮುಂಚೆ ಜಪಾನಲ್ಲಿ ಮಾಡಿಸ್ತಿದ್ರು. ಮುಳ್ಳಿನ ಕಾರ್ಟ್ರಿಜ್ ಕೂರೋ ಜಾಗದಿಂದ ಬೇರಿಂಗ್ ತನಕ ಪೂರ್ತಿ ಒಂದೇ ಅಲ್ಯೂಮಿನಿಯಂ ಎರಕ, ನಡುವೆ ಒಂದು ಜಾಯಿಂಟ್ ಇಲ್ಲ, ಹೋಗ್ತಾ ಹೋಗ್ತಾ ಸಣ್ಣ ಆಗುತ್ತೆ. ನಾನು ಉಗುರಲ್ಲಿ ಗೀಚಿ ನೋಡ್ದೆ, ಎಲ್ಲೂ ತಡೆಯಲ್ಲ. ಎಚ್‌ಎಂಟಿ ಟೂಲ್ ರೂಮಲ್ಲಿ ಅಷ್ಟು ವರ್ಷ ಮೈಕ್ರೊಮೀಟರ್ ಹಿಡಿದ ನಿಮಗೆ ಟೊಳ್ಳು ಕೊಳವೇನ ಆ ಥರ ಎರಕ ಹೊಯ್ಯೋದು ಎಷ್ಟು ಕಷ್ಟ ಅಂತ ನಾನು ಹೇಳ್ಬೇಕಾ. ಆ ಕಾಲಕ್ಕೆ ಅದರ ಬೆಲೆಗೆ ಅಂಥ ಆರ್ಮ್ ಇರ್ಲಿಲ್ವಂತೆ, ಬೇರೆ ಟರ್ನ್‌ಟೇಬಲ್ ಕಂಪನಿಗಳೇ ಇವರ ಹತ್ರ ಆರ್ಮ್ ಕೊಂಡು ತಮ್ಮ ಪ್ಲೇಯರಿಗೆ ಹಾಕ್ಕೊಂಡ್ವು. ಸಿಡಿ ಬಂದು ಎಲ್ರೂ ರೆಕಾರ್ಡ್ ಬಿಟ್ಟಾಗ್ಲೂ ಇವರು ನಿಲ್ಲಿಸ್ಲಿಲ್ಲ, ಈಗ್ಲೂ ಇಲ್ಲೇ ಕೈಯಲ್ಲೇ ಜೋಡಿಸ್ತಾರೆ, ಕಡಿಮೆ ಬೆಲೆದು ಹೊಸದೇ 300 ಪೌಂಡ್ ಆಸುಪಾಸಿಗೆ ಸಿಗುತ್ತೆ. ಆ ಬೆಲೆಗೆ ಹೇಗೆ ಸಾಧ್ಯ ಅಂದ್ರೆ ಶೋಕಿ ಒಂದೂ ಇಲ್ಲ. ನಿಮಿಷಕ್ಕೆ 33 ಸುತ್ತಿಂದ 45 ಸುತ್ತಿಗೆ ಸ್ಪೀಡ್ ಬದಲಾಯಿಸೋಕೆ ಬಟನ್ನೂ ಇಲ್ಲ, ಗಾಜು ಎತ್ತಿ ಬೆಲ್ಟನ್ನ ಬೆರಳಲ್ಲಿ ಪುಲ್ಲಿಯ ಇನ್ನೊಂದು ಮೆಟ್ಟಿಲಿಗೆ ಹಾಕ್ಬೇಕು. ರೆಕಾರ್ಡ್ ಮುಗಿದ್ರೆ ಆರ್ಮ್ ತಾನಾಗಿ ಏಳಲ್ಲ, ನಾವೇ ಎದ್ದು ಎತ್ತಬೇಕು. ದುಡ್ಡೆಲ್ಲ ಬೇರಿಂಗಿಗೆ, ಆರ್ಮಿಗೆ ಹೋಗಿದೆ. ನನಗಂತೂ ಅದೇ ಇಷ್ಟ. ಇಲ್ಲಿ ಇಷ್ಟೇ ಬೆಲೆಗೆ ಬ್ಲೂಟೂತು ಲೈಟು ಅಂತ ಹೊಳೆಯೋ ಪ್ಲೇಯರ್‌ಗಳು ಬೇಕಾದಷ್ಟಿವೆ, ಅದ್ಯಾವ್ದೂ ನಂಗೆ ಬೇಡ ಅನ್ಸ್ತು.

ಈಗ ಅಮ್ಮ, ಮುಖ್ಯ ವಿಷಯ. ಅಪ್ಪ ವೀಣಾ ಮದುವೆ ಆಗ್ಲಿ ಆಮೇಲೆ ನೋಡೋಣ ಅಂತಿದಾರಂತಲ್ಲ, ಅದು ಆಗಲ್ಲ. ಆಂಜಿಯೋಗ್ರಾಮಲ್ಲಿ ಬ್ಲಾಕ್ ಕಂಡಿದೆ, ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯುತ್ತೆ, ಡಾಕ್ಟರು ಬೇಗ ಮಾಡ್ಸಿ ಅಂದಿದಾರೆ, ಇನ್ನೇನು ಕಾಯೋದು? ನಾನು ಇಲ್ಲಿ ಹೃದಯದ ವಾರ್ಡಲ್ಲೇ ಕೆಲಸ ಮಾಡೋಳು. ಎದೆ ಕುಯ್ಯಲ್ಲ, ಸಾಮಾನ್ಯವಾಗಿ ಮಣಿಕಟ್ಟಿನ ರಕ್ತನಾಳದಿಂದ್ಲೇ ಸಣ್ಣ ನಳಿಕೆ ಬಿಟ್ಟು ಸ್ಟೆಂಟ್ ಹಾಕ್ತಾರೆ, ಎಚ್ಚರವಾಗೇ ಇರ್ತಾರೆ, ತುಂಬಾ ಜನ ಮಾರನೇ ದಿನ ಮನೆಗೆ ಹೋಗ್ತಾರೆ. ಭಯ ಪಡೋಂಥದ್ದು ಏನಿಲ್ಲ, ಏನೇನೂ ಇಲ್ಲ. ಆದ್ರೆ ಸುಮ್ನೆ ಕೂತಿದ್ದಾಗ್ಲೂ ನೋವು ಬಂದ್ರೆ, ಇಲ್ಲಾ ಬೆವರು ಬಂದು ಎಡಗೈ, ದವಡೆ ಎಳೆದ್ರೆ ನಂಗೆ ಫೋನ್ ಮಾಡ್ತಾ ಕೂರ್ಬೇಡಿ, ಆಂಬುಲೆನ್ಸ್ ಕರ್ಸಿ. ಆಮೇಲೆ ಕೊಡೋ ರಕ್ತ ತೆಳು ಮಾಡೋ ಮಾತ್ರೇನ ಹುಷಾರಾದೆ ಅಂತ ತಾವಾಗೇ ನಿಲ್ಲಿಸ್ಬಾರ್ದು, ಅದಂತೂ ಅಪಾಯ, ಡಬ್ಬಿ ನಿನ್ನ ಕೈಲೇ ಇರ್ಲಿ.

ದುಡ್ಡು ನಾನು ಕಳಿಸ್ತೀನಿ. ಎಫ್‌ಡಿ ಮುರೀಬೇಡಿ, ಚಿನ್ನ ಇಡಬೇಡಿ, ಚಿಕ್ಕಪ್ಪನ ಹತ್ರ ಕೇಳ್ಬೇಡಿ. ನಾನು ಓವರ್‌ಟೈಮ್ ಮಾಡಿ ಸೊರಗ್ತಿದೀನಿ ಅಂತೆಲ್ಲ ಅಂದ್ಕೋಬೇಡ, ಚೆನ್ನಾಗಿ ತಿಂದು ದಪ್ಪ ಆಗಿದೀನಿ. ವೀಣಾ ಮದುವೆಗೂ ನಾನಿದೀನಿ, ಹುಡುಗನ ಮನೆಯೋರು ಒಂದೆರಡು ತಿಂಗಳು ಕಾಯಲ್ಲ ಅಂದ್ರೆ ಅಂಥ ಸಂಬಂಧವೇ ಬೇಡ.

ಅಪ್ಪನ ಎಲ್‌ಪಿ ರೆಕಾರ್ಡುಗಳನ್ನ ಅಟ್ಟದಿಂದ ನೀವು ಇಳಿಸ್ಬೇಡಿ, ಅವರಂತೂ ಏಣಿ ಹತ್ಲೇಬಾರ್ದು. ರಾಘು ಬಂದಾಗ ತೆಗೆದು, ಅಡ್ಡ ಪೇರಿಸ್ದೆ ನಿಲ್ಲಿಸಿ ಇಡ್ಲಿ, ಒಂದರ ಮೇಲೊಂದು ಇಟ್ರೆ ಬಾಗೋಗ್ತವೆ.

ಬಸ್ಸಿಗೆ ಟೈಮಾಯ್ತು, ನೈಟ್ ಶಿಫ್ಟು. ಡೇಟ್ ಫಿಕ್ಸ್ ಮಾಡಿ ಆಂಜಿಯೋ ರಿಪೋರ್ಟಿನ ಫೋಟೊ ಇವತ್ತೇ ಕಳ್ಸು, ಎಲ್ಲಾ ಪುಟದ್ದೂ.

ಸುಮಾ