ಭುಜದ ಕೀಲಿನ ಟೆಂಡರಿನಲ್ಲಿ ಬೆಲೆಯ ಜೊತೆ ಅಳತೆಯನ್ನೂ ಬರೆಸಿ

ಕರ್ನಾಟಕದ ಸನ್ಮಾನ್ಯ ಆರೋಗ್ಯ ಸಚಿವರಿಗೆ ಬೆಳಗಾವಿ ಭಾಗದ ಎಲುಬು-ಕೀಲು ವೈದ್ಯರ ಬಹಿರಂಗ ಪತ್ರ

ಮಾನ್ಯರೇ,

ಚಳಿಗಾಲದ ಅಧಿವೇಶನಕ್ಕೆ ತಾವು ಸುವರ್ಣ ವಿಧಾನಸೌಧಕ್ಕೆ ಬಂದಾಗ ಈ ಭಾಗದ ಬೇಡಿಕೆಗಳು ಸಾಲುಗಟ್ಟಿರುತ್ತವೆ. ನಮ್ಮದು ಕೆಲವೇ ಮಿಲಿಮೀಟರಿನ ಬೇಡಿಕೆ. ಸರ್ಕಾರದ ದುಡ್ಡಿನಲ್ಲಿ ಕೊಳ್ಳುವ ಭುಜದ ಕೃತಕ ಕೀಲಿನ ಸೆಟ್ಟಿನಲ್ಲಿ ಸಣ್ಣ ಅಳತೆಯ ಬೇಸ್‌ಪ್ಲೇಟ್ (ಕೃತಕ ಕೀಲನ್ನು ಹೆಗಲೆಲುಬಿಗೆ ಕಚ್ಚಿಸುವ ತಳದ ತಟ್ಟೆ) ಇರಲೇಬೇಕು ಎಂಬ ಷರತ್ತು ಹಾಕಿಸಿ.

ತೋಳಿನ ಎಲುಬಿನ ದುಂಡು ತಲೆ ಕೂರುವುದು ಹೆಗಲೆಲುಬಿನ ಆಳವಿಲ್ಲದ ಗುಳಿಯಲ್ಲಿ. ಇದೇ ಗ್ಲೀನಾಯ್ಡ್: ಮೇಲೆ ಕಿರಿದು, ಕೆಳಗೆ ಅಗಲ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಳತೆಯಲ್ಲಿ ಇದರ ಸರಾಸರಿ ಎತ್ತರ 39 ಮಿ.ಮೀ., ಕೆಳಭಾಗದ ಅಗಲ 29 ಮಿ.ಮೀ. ಭಾರತದ ಒಣ ಎಲುಬುಗಳನ್ನು ಅಳೆದ ಹಲವು ವರದಿಗಳಲ್ಲಿ ಎತ್ತರ 33ರಿಂದ 36, ಅಗಲ 23ರಿಂದ 25ರ ಆಸುಪಾಸು. ಒಣ ಎಲುಬಿನಲ್ಲಿ ಮೃದ್ವಸ್ಥಿ ಉಳಿದಿರುವುದಿಲ್ಲ, ಹಾಗಾಗಿ ಹೋಲಿಕೆ ಸ್ವಲ್ಪ ಒರಟು. ಆಳಿನ ಎತ್ತರ, ಹೆಣ್ಣು-ಗಂಡು ಭೇದವೂ ಈ ಅಂತರದಲ್ಲಿ ಸೇರಿವೆ. ಕುಳ್ಳಗಿರುವ ಯುರೋಪಿನ ಹೆಂಗಸಿನ ಗುಳಿಯೂ ಚಿಕ್ಕದೇ. ಆದ್ದರಿಂದ ‘ಭಾರತೀಯ ಸೈಜ್’ ಎಂಬ ಒಂದೇ ಅಳತೆ ನಮಗೆ ಬೇಡ, ಸಣ್ಣದರಿಂದ ದೊಡ್ಡದರವರೆಗೆ ಎಲ್ಲವೂ ಬೇಕು.

ಭುಜ ಎತ್ತುವ ಸ್ನಾಯುರಜ್ಜು ಹರಿದು ಕೀಲೂ ಸವೆದವರಿಗೆ ಫ್ರಾನ್ಸಿನ ಪಾಲ್ ಗ್ರಾಮಾಂ 1985ರಲ್ಲಿ ರೂಪಿಸಿದ ರಿವರ್ಸ್ ಕೀಲಿನ ವಂಶದ್ದನ್ನೇ ಇಂದು ಹಾಕುತ್ತೇವೆ. ಇದರಲ್ಲಿ ಗುಂಡು ಗುಳಿಯ ಕಡೆಗೆ, ಬಟ್ಟಲು ತೋಳಿನ ಕಡೆಗೆ. ಗುಂಡನ್ನು ಹಿಡಿಯುವುದು ಗುಳಿಗೆ ಸ್ಕ್ರೂ ಹಾಕಿ ಕೂರಿಸಿದ ಬೇಸ್‌ಪ್ಲೇಟ್. ಎಲ್ಲ ಭಾರವೂ ಅದರ ಮೇಲೆಯೇ.

24 ಮಿ.ಮೀ. ಅಗಲದ ಗುಳಿಯ ಮೇಲೆ 29 ಮಿ.ಮೀ. ಪ್ಲೇಟ್ ಇಟ್ಟು ನೋಡಿ. ಹಿಂದೆ ಮುಂದೆ ಎರಡೂವರೆ ಮಿ.ಮೀ. ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ಕೂರಿಸಲು ರೀಮರಿನಿಂದ ಹೆಚ್ಚು ಕೊರೆದರೆ ಮೇಲಿನ ಗಟ್ಟಿ ಪದರ ಹೋಗಿ ಒಳಗಿನ ಮೆತ್ತನೆ ಎಲುಬು ತೆರೆದುಕೊಳ್ಳುತ್ತದೆ, ಸ್ಕ್ರೂ ಹಿಡಿತ ಸಡಿಲುತ್ತದೆ. ಹಿಂಬದಿಯ ಸ್ಕ್ರೂ ಉದ್ದವಾದರೆ ಅಲ್ಲೇ ಹಾದುಹೋಗುವ ಸುಪ್ರಾಸ್ಕ್ಯಾಪ್ಯುಲರ್ ನರಕ್ಕೆ ತಾಗಬಹುದು. ಪ್ಲೇಟ್ ಸುಮಾರು 150 ಮೈಕ್ರಾನಿಗಿಂತ (0.15 ಮಿ.ಮೀ.) ಹೆಚ್ಚು ಅಲುಗಾಡಿದರೆ ಎಲುಬು ಅದರೊಳಗೆ ಬೆಳೆಯದು, ನಡುವೆ ನಾರಿನ ಪದರ ಕಟ್ಟುತ್ತದೆ, ಕೀಲು ಕಳಚುತ್ತದೆ. ಪ್ಲೇಟನ್ನು ಮೇಲಕ್ಕೆ ಸರಿಸಿ ಕೂರಿಸಿದರೆ ಬಟ್ಟಲು ಕೆಳಗಿನ ಎಲುಬಿಗೆ ಉಜ್ಜಿ ಕಚ್ಚು ಬೀಳುತ್ತದೆ. ಗುಂಡು ಅತಿ ದೊಡ್ಡದಾದರೆ ಭುಜದ ಸ್ನಾಯು ಬಿಗಿದು ಕೈ ತಿರುಗದು. ಇವುಗಳಲ್ಲಿ ಯಾವುದಾದರೂ ಆದಾಗ ಎರಡನೇ ಶಸ್ತ್ರಚಿಕಿತ್ಸೆಗೆ ಗುಳಿಯಲ್ಲಿ ಎಲುಬೇ ಉಳಿದಿರುವುದಿಲ್ಲ. ನಮ್ಮ ಚಿಂತೆಯೆಲ್ಲ ಇದೇ.

ಮೊಣಕಾಲಿನ ಕೀಲಿಗೆ ಕೇಂದ್ರ 2017ರ ಆಗಸ್ಟಿನಲ್ಲಿ ಗರಿಷ್ಠ ಬೆಲೆ ಕಟ್ಟಿತು, ಬಡವರಿಗೆ ಅದು ದೊಡ್ಡ ನೆರವು. ಭುಜದ ಟೆಂಡರಿನಲ್ಲೂ ಬೆಲೆ ನೋಡಿ. ಆದರೆ ಬಿಡ್ ತೆರೆಯುವ ಮುನ್ನವೇ 25 ಮಿ.ಮೀ. ಅಥವಾ ಅದಕ್ಕಿಂತ ಸಣ್ಣ ಬೇಸ್‌ಪ್ಲೇಟ್, 36 ಮಿ.ಮೀ. ಮತ್ತು ಅದಕ್ಕಿಂತ ಸಣ್ಣ ಗುಂಡುಗಳು, ಗಿಡ್ಡ ಸ್ಕ್ರೂಗಳು ಸೆಟ್ಟಿನಲ್ಲಿ ಇವೆಯೇ ಎಂದು ಪರಿಶೀಲಿಸುವಂತಾಗಲಿ. ಇಲ್ಲದ ಅಳತೆಯನ್ನು ಆಪರೇಷನ್ ಮೇಜಿನ ಮೇಲೆ ಹುಟ್ಟಿಸಲು ನಮ್ಮಿಂದ ಆಗದು.

ಇನ್ನೊಂದು ಬೇಡಿಕೆ ಖರ್ಚಿಲ್ಲದ್ದು, ಒಂದು ಸುತ್ತೋಲೆ ಸಾಕು. ಭುಜದ ಸಿ.ಟಿ. ಸ್ಕ್ಯಾನ್ ಮಾಡುವಾಗ ಹೆಗಲೆಲುಬಿನ ಒಳ ಅಂಚು ಚಿತ್ರದ ಹೊರಗೆ ಉಳಿದುಹೋಗುವುದುಂಟು. ಗುಳಿಯ ನಡುವಿನಿಂದ ಆ ಅಂಚಿಗೆ ಗೆರೆ ಎಳೆದರಷ್ಟೇ ಗುಳಿಯ ವಾಲು ಅಳೆಯಬಹುದು. ಒಂದು ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸಿನಲ್ಲಿ ಪೂರ್ತಿ ಹೆಗಲೆಲುಬು ಬರಲಿ, ಫಿಲ್ಮಿನ ಜೊತೆ ಡಿಜಿಟಲ್ ಪ್ರತಿಯೂ ಇರಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳ ಆಸ್ಪತ್ರೆಗಳು ಹೆಸರು ತೆಗೆದು ಆ ಅಳತೆಗಳನ್ನು ಒಂದೆಡೆ ಕೂಡಿಸಿದರೆ ಮುಂದಿನ ಟೆಂಡರಿಗೆ ನಮ್ಮ ಜನರದೇ ಅಂಕಿಗಳು ಸಿಗುತ್ತವೆ. ಅಳೆದು ಕೊಡುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಲುಬು-ಕೀಲು ಶಸ್ತ್ರವೈದ್ಯರು