ಹಿಂಬದಿಯ ಬಣ್ಣ ಹೊಂದದ ಆಟದ ಎಲೆಗಳನ್ನು ಬದಲಿಸಿಕೊಡಲು ಕೋರಿ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ತಮ್ಮ ಸಂಸ್ಥೆ ಹೊರತಂದಿರುವ, ಸುತ್ತಿಗೊಂದು ಎಲೆ ಹಾಕಿ ಬಲವಾದ ಎಲೆಯವರು ಗೆಲ್ಲುವ ತುರುಫಿನ ಆಟವನ್ನೂ, ಆಡುತ್ತಾ ಹೊಸ ಎಲೆ ಸೇರಿಸಿಕೊಂಡು ತನ್ನ ಕಟ್ಟು ಬೆಳೆಸುವ ಆಟವನ್ನೂ ಒಂದುಗೂಡಿಸಿದ ಕುಟುಂಬದ ಕಾರ್ಡ್ ಆಟವನ್ನು ನಾವು ಕೊಂಡಿದ್ದೇವೆ. ಆಟದ ಕಲ್ಪನೆ ನಮ್ಮ ಮನೆಯವರಿಗೆಲ್ಲ ಮೆಚ್ಚಿಗೆಯಾಗಿದೆ. ಆದರೆ ಪೆಟ್ಟಿಗೆಯಲ್ಲಿ ಬಂದಿರುವ ಎಲೆಗಳಿಂದ ಈ ಆಟವನ್ನು ನ್ಯಾಯವಾಗಿ ಆಡಲು ಸಾಧ್ಯವಿಲ್ಲ ಎಂಬುದೇ ನನ್ನ ದೂರು.

ಆರಂಭದಲ್ಲಿ ಪ್ರತಿಯೊಬ್ಬರಿಗೂ ಸಿಗುವ ಎಲೆಗಳ ಹಿಂಬದಿ ಅಚ್ಚ ಕಡುನೀಲಿಯಾಗಿದೆ. ನಡುವೆ ಹರಡಿಟ್ಟು, ಸುತ್ತು ಗೆದ್ದವರು ಆರಿಸಿಕೊಳ್ಳುವ ಎಲೆಗಳ ಹಿಂಬದಿಯ ನೀಲಿ ಮಾತ್ರ ನೇರಳೆಯ ಕಡೆಗೆ ವಾಲಿದೆ; ಅದರ ಕೆಳಅಂಚಿನ ಬಿಳಿ ಪಟ್ಟಿಯೂ ಮೇಲಂಚಿನದಕ್ಕಿಂತ ಸಣ್ಣದಾಗಿ ಕತ್ತರಿಸಲ್ಪಟ್ಟಿದೆ. ಎರಡು ಎಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಅಗತ್ಯವೂ ಇಲ್ಲ. ಆಟದ ನಡುವೆ ನಮ್ಮ ಕಿರಿಯ ಮಗಳು ನನ್ನ ಕೈಯತ್ತ ನೋಡಿ, "ಅಪ್ಪಾ, ನಿನ್ನ ಹತ್ರ ಎರಡು ಹೊಸ ಎಲೆ ಇದೆ, ಎರಡೂ ಬಲಗಡೆ ಇಟ್ಕೊಂಡಿದ್ದೀಯ" ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಬೇರೆ ಬಗೆಯ ಆಟದಲ್ಲಿ ಈ ವ್ಯತ್ಯಾಸವನ್ನು ಸಹಿಸಿಕೊಳ್ಳಬಹುದಿತ್ತೇನೋ. 2008ರಲ್ಲಿ ಬಂದ, ಕಟ್ಟು ಬೆಳೆಸುವುದಷ್ಟೇ ಇರುವ ಡೊಮಿನಿಯನ್ ಆಟದಲ್ಲಿ ಪ್ರತಿಯೊಬ್ಬರೂ ‘ತಾಮ್ರ’ ಎಂಬ ಹೆಸರಿನ 7 ಎಲೆ, ‘ಎಸ್ಟೇಟ್’ ಎಂಬ ಹೆಸರಿನ 3 ಎಲೆ, ಹೀಗೆ 10 ಎಲೆಗಳ ಕಟ್ಟಿನಿಂದ ಆರಂಭಿಸುತ್ತಾರೆ. ಕೊಂಡ ಎಲೆ ಆಡಿ ಮುಗಿದ ಎಲೆಗಳ ರಾಶಿಗೆ ಸೇರಿ, ಕಟ್ಟು ಖಾಲಿಯಾದಾಗ ಎಲ್ಲದರ ಜೊತೆ ಕಲಸಲ್ಪಟ್ಟು ಮತ್ತೆ ಕೈಗೆ ಬರುತ್ತದೆ. ಅಲ್ಲಿ ಹಿಂಬದಿ ಬೇರೆಯಾಗಿದ್ದರೆ ಮುಖ್ಯವಾಗಿ ತನ್ನದೇ ಕಟ್ಟಿನ ಮೇಲಿನ ಎಲೆ ಯಾವ ಬಗೆಯದು ಎಂಬುದು ಮೊದಲೇ ತಿಳಿಯುತ್ತದೆ. ತಮ್ಮ ಆಟದಲ್ಲಿ ಆ ತೊಂದರೆಯ ಜೊತೆಗೆ ಇನ್ನೂ ದೊಡ್ಡದೊಂದು ಸೇರಿಕೊಳ್ಳುತ್ತದೆ. ಎದುರಾಳಿಯ ಕೈಯಲ್ಲಿ ಏನಿದೆ ಎಂದು ಊಹಿಸುತ್ತ, ದೊಡ್ಡ ಎಲೆಯನ್ನು ಈಗ ಹಾಕಬೇಕೋ ತಡೆಹಿಡಿಯಬೇಕೋ ಎಂದು ತೂಗಿನೋಡುವುದೇ ತುರುಫಿನ ಆಟದ ಜೀವ. ಆರಂಭದ ಎಲೆಗಳೆಲ್ಲ ಚಿಕ್ಕ ಅಂಕಿಯವು, ಬೇರೆ ಜಾತಿಯ ಎಲೆಗಳನ್ನು ಸೋಲಿಸುವ ತುರುಫುಗಳೂ ದೊಡ್ಡ ಅಂಕಿಗಳೂ ಇರುವುದು ಆರಿಸಿಕೊಳ್ಳುವ ಎಲೆಗಳಲ್ಲೇ ಆದ್ದರಿಂದ, ನೇರಳೆ ಹಿಂಬದಿ ಕಂಡೊಡನೆ ಎದುರಿನವರ ಬಲವೆಷ್ಟು ಎಂಬುದು ಮೇಜಿನ ಸುತ್ತ ಕುಳಿತವರಿಗೆಲ್ಲ ಗೊತ್ತಾಗಿಬಿಡುತ್ತದೆ. ಕಷ್ಟಪಟ್ಟು ಸುತ್ತು ಗೆದ್ದು ಒಳ್ಳೆಯ ಎಲೆ ಸಂಪಾದಿಸಿದವನೇ ತನ್ನ ಗುಟ್ಟು ಬಿಟ್ಟುಕೊಟ್ಟು ಸೋಲುವಂತಾಗಿದೆ. ಕಂಡದ್ದನ್ನು ಕಾಣದಂತೆ ಆಡಿ ಎಂದು ಮಕ್ಕಳಿಗೆ ಹೇಳುವುದು ಯಾವ ನ್ಯಾಯ?

ಈ ಬಗ್ಗೆ ಮೊದಲು ಬರೆದಾಗ ತಮ್ಮ ಸಿಬ್ಬಂದಿ, ಇದು ಮುದ್ರಣದಲ್ಲಿ ಸಹಜವಾದ ವ್ಯತ್ಯಾಸವೆಂದೂ ಎಲೆಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಬಹುದೆಂದೂ ಉತ್ತರಿಸಿದರು. ಪಾರದರ್ಶಕ ಕವರ್ ಹಿಂಬದಿಯನ್ನು ಮುಚ್ಚುವುದಿಲ್ಲ. ಹಿಂಭಾಗ ಕಾಣಿಸದಂಥ ಬಣ್ಣದ ಕವರ್‌ಗಳನ್ನು ಪ್ರತಿಯೊಂದು ಎಲೆಗೂ ನಾವೇ ಕೊಳ್ಳಬೇಕು. ಕೊಂಡರೂ ದಪ್ಪವಾದ ಕಟ್ಟು ಪೆಟ್ಟಿಗೆಯ ಖಾನೆಯಲ್ಲಿ ಹಿಡಿಸುವುದಿಲ್ಲ, ಚಿಕ್ಕ ಕೈಗಳಿಗೆ ಕಲಸಲೂ ಬರುವುದಿಲ್ಲ. ಒಂದೇ ಕಟ್ಟಿನಲ್ಲಿ ಬೆರೆಯಲೆಂದೇ ಮಾಡಿದ ಎಲೆಗಳ ಹಿಂಬದಿ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ತಯಾರಕರ ಕೆಲಸ. ಅದರ ಖರ್ಚನ್ನು ಕೊಂಡವರ ಮೇಲೆ ಹೊರಿಸುವುದನ್ನು ನಾನು ಒಪ್ಪಲಾರೆ.

ನಿಯಮಗಳ ಕೈಪಿಡಿಯಲ್ಲೂ ಒಂದು ಕೊರತೆಯಿದೆ. ಮೊದಲು ಬಿದ್ದ ಜಾತಿಯ ಎಲೆ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು ಎಂದು ಅದು ಹೇಳುತ್ತದೆ, ಆದರೆ ಎರಡು ಜಾತಿಗಳ ಗುರುತಿರುವ ಎಲೆಯಿಂದಲೇ ಸುತ್ತು ಆರಂಭವಾದರೆ ಉಳಿದವರು ಯಾವ ಜಾತಿಯನ್ನು ಅನುಸರಿಸಬೇಕು ಎಂಬುದನ್ನು ಎಲ್ಲಿಯೂ ತಿಳಿಸಿಲ್ಲ. ಇದಕ್ಕೆ ಸ್ಪಷ್ಟವಾದ ಲಿಖಿತ ಉತ್ತರ ಬೇಕು.

ಒಂದೇ ಬಾರಿಗೆ ಮುದ್ರಿಸಿ, ಒಂದೇ ಅಳತೆಯಲ್ಲಿ ಕತ್ತರಿಸಿದ ಎಲೆಗಳ ಪೂರ್ತಿ ಸೆಟ್ಟನ್ನು ತಮ್ಮದೇ ಖರ್ಚಿನಲ್ಲಿ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಆರಿಸಿಕೊಳ್ಳುವ ಎಲೆಗಳನ್ನಷ್ಟೇ ಬದಲಿಸಿದರೆ ಸಾಲದು. ಅವು ಮತ್ತೊಂದು ಮುದ್ರಣದವಾಗಿದ್ದರೆ ನಮ್ಮಲ್ಲಿರುವ ಆರಂಭದ ಎಲೆಗಳೊಂದಿಗೆ ಪುನಃ ಹೊಂದದೆ ಹೋಗಬಹುದು. ಪೂರ್ತಿ ಸೆಟ್ಟು ಕೊಡಲಾಗದಿದ್ದಲ್ಲಿ ಆಟವನ್ನು ಹಿಂಪಡೆದು ಹಣವನ್ನು ಮರಳಿಸಬೇಕು. ಇದೇ ಮುದ್ರಣದ ಪೆಟ್ಟಿಗೆಗಳು ಇನ್ನೂ ಮಾರಾಟದಲ್ಲಿದ್ದರೆ, ಕೊಳ್ಳುವವರಿಗೆ ಈ ದೋಷವನ್ನು ಮುಂಚಿತವಾಗಿಯೇ ತಿಳಿಸಬೇಕೆಂಬುದೂ ನನ್ನ ಆಗ್ರಹ.

ಖರೀದಿಯ ರಸೀದಿಯ ಪ್ರತಿಯನ್ನೂ, ಎರಡೂ ಬಗೆಯ ಹಿಂಬದಿಗಳನ್ನು ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳನ್ನೂ, ತಮ್ಮ ಸಿಬ್ಬಂದಿಯ ಹಿಂದಿನ ಉತ್ತರವನ್ನೂ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಪರಿಶೀಲಿಸಿ, ತಾವು ಕೈಗೊಳ್ಳುವ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ಗ್ರಾಹಕ